ಪಕ್ಕದ ಬಾಗಿಲಿನ ಬೀಗ

ಹೂಕುಂಡದ ಕೆಳಗೆ ಬೀಗದ ಕೈ ಇಟ್ಟು ಹೋಗುವವರನ್ನು ಕಂಡರೆ ನನ್ನ ಗಂಡನಿಗೆ ಮೈಯೆಲ್ಲ ಉರಿಯುತ್ತದೆ. ಬೀಗ ರಿಪೇರಿ ಅವರ ಕಸುಬು. ಬೀದಿಯವರೆಲ್ಲ ಬೀಗದಣ್ಣ ಎಂದೇ ಕರೆಯುವುದು. ಯಾರಾದರೂ ಅಂಗಡಿಗೆ ಬಂದು, "ಕೀ ಕುಂಡದ ಕೆಳಗೇ ಇಟ್ಟಿದ್ದೆ ಬೀಗದಣ್ಣ, ಆದ್ರೂ ಕಳ್ಳ ನುಗ್ಗಿದಾನೆ" ಎಂದರೆ ಸಾಕು, ಕೈಯಲ್ಲಿದ್ದ ಅರ ಕೆಳಗಿಟ್ಟು ಶುರು ಮಾಡುತ್ತಾರೆ. "ಅದರ ಬದಲು ಕಳ್ಳನ್ನ ಕೈ ಹಿಡಿದು ಒಳಗೆ ಕರ್ಕೊಂಡು ಹೋಗಿ ಟೀ ಕೊಡಿ. ಬೀಗಾನಾದ್ರೂ ಉಳಿಯುತ್ತೆ."

ನಮ್ಮ ಮಗಳು ಮಾತು ಕಲಿತದ್ದೇ ಈ ಭಾಷಣ ಕೇಳುತ್ತ. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕಾಲಾಡಿಸುತ್ತ, ಅಪ್ಪನ ದನಿಯನ್ನೇ ತಂದುಕೊಂಡು, "ಪೆದ್ದರು ಮಾತ್ರ ಕುಂಡದ ಕೆಳಗೆ ಇಡ್ತಾರೆ" ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ಇವರು ನಗು ತಡೆದುಕೊಂಡು ಮೀಸೆ ತಿರುವುತ್ತಿದ್ದರು.

ನಾನು ಚರ್ಚಿನ ಸಭಾಂಗಣವನ್ನು ನೋಡಿಕೊಳ್ಳುವವಳು. ಬೆಳಿಗ್ಗೆ ಗುಡಿಸಿ ಒರೆಸುವುದು, ಕುರ್ಚಿ ಜೋಡಿಸುವುದು, ಸಂಜೆ ಮತ್ತೆ ಬಂದು ಕುರ್ಚಿ ಮಡಚುವುದು. ಹೆಸರಿಗೆ ಚರ್ಚಿನದು, ಬಳಸುವವರು ಊರವರೆಲ್ಲ. ಬೆಳಿಗ್ಗೆ ಎಳೆಮಕ್ಕಳ ತಾಯಂದಿರು ಬರುತ್ತಾರೆ. ಅವರು ಹೋದ ಮೇಲೆ ನೆಲದ ಮೇಲೆ ಬಿಸ್ಕತ್ತಿನ ಪುಡಿ, ಒಂದಾದರೂ ಒಂಟಿ ಕಾಲುಚೀಲ. ಸಂಜೆ ಕುಡಿತ ಬಿಟ್ಟವರು ದುಂಡಗೆ ಕುಳಿತು ಮಾತಾಡುತ್ತಾರೆ. ಅವರಾದ ಮೇಲೆ ಹೊಲಿಗೆ ಕಲಿಯುವವರು. ಕೆಲಸ ಕಳೆದುಕೊಂಡವರು ಸುಮ್ಮನೆ ಬಂದು ಪೇಪರು ಓದುತ್ತಾರೆ, ಯಾರೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಪಾದ್ರಿ ಪ್ರತಿ ಭಾನುವಾರ ಅಲ್ಲದಿದ್ದರೂ ಭಾನುವಾರ ಬಿಟ್ಟು ಭಾನುವಾರ ಒಂದು ಮಾತು ಹೇಳುತ್ತಾರೆ: ಈ ಕಟ್ಟಡ ನಮ್ಮದಲ್ಲ, ನೋಡಿಕೊಳ್ಳಿ ಎಂದು ನಮ್ಮ ಕೈಯಲ್ಲಿ ಇಟ್ಟಿರುವುದು ಅಷ್ಟೇ. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಬಾಯಿಮಾತು ಎಂದುಕೊಳ್ಳುತ್ತಿದ್ದೆ. ಈ ಮನುಷ್ಯ ಹೇಳಿದ್ದನ್ನು ಮಾಡಿ ತೋರಿಸಿದವರು. ಪಕ್ಕದ ಬಾಗಿಲಿನ ಬೀಗದ ಕೈ ಬೇಕೆಂದು ಕೇಳಿದವರಿಗೆಲ್ಲ ಒಂದೊಂದು ಕೊಟ್ಟರು. ಕೊರೆದುಕೊಟ್ಟವರು ನಮ್ಮ ಯಜಮಾನರು. ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ ಎಂದು ಆ ದೇವರಿಗೇ ಗೊತ್ತಿರಬೇಕು.

ಮಗಳ ಹತ್ತಿರವೂ ಒಂದು ಇತ್ತು. ಅವಳಿಗೆ ಪಿಯಾನೊ ಹುಚ್ಚು. ನಮ್ಮ ಮನೆಯಲ್ಲಿ ಪಿಯಾನೊ ಇಡಬೇಕೆಂದರೆ ನಾವು ಮೂವರೂ ಬೀದಿಯಲ್ಲಿ ಮಲಗಬೇಕು. ಸಭಾಂಗಣದಲ್ಲಿ ಹಳೆಯದೊಂದು ಇತ್ತು, ಶಾಲೆ ಮುಗಿದ ಮೇಲೆ ಅಲ್ಲೇ ಹೋಗಿ ಕೂರುತ್ತಿದ್ದಳು. ಅವಳ ಬೀಗದ ಕೈಗೆ ಅಪ್ಪ ಹಿಡಿಯ ಅಂಚಿನಲ್ಲಿ ಅರದಿಂದ ಒಂದು ಸಣ್ಣ ಕಚ್ಚು ಹಾಕಿಕೊಟ್ಟಿದ್ದರು, ಚೀಲದೊಳಗೆ ಕೈಬಿಟ್ಟರೆ ಬೆರಳಿಗೇ ಗುರುತು ಸಿಗಲಿ ಎಂದು. ಅಷ್ಟು ಮುದ್ದು.

ಆ ಮುದ್ದು ಎಲ್ಲಿ ಹೋಯಿತು ಎಂದರೆ, ಇಬ್ಬರ ಹಠದಲ್ಲಿ ಹೋಯಿತು. ಓದು ಮುಗಿಸಿ ಒಳ್ಳೆಯ ಆಫೀಸಿಗೆ ಸೇರಿದವಳು ಒಂದು ದಿನ ಅದನ್ನು ಬಿಟ್ಟು, ದೊಡ್ಡ ಹೋಟೆಲಿನಲ್ಲಿ ಪಿಯಾನೊ ನುಡಿಸುವ ಕೆಲಸಕ್ಕೆ ಒಪ್ಪಿಕೊಂಡು ಬಂದಳು. ನಾನು ಆಗ ಸಭಾಂಗಣದಲ್ಲಿ ನೆಲ ಒರೆಸುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿನ್ನುವವರ ಮುಂದೆ ಕೂತು ಬಾರಿಸುವುದಾದರೆ ಈ ಹೊಸ್ತಿಲು ತುಳಿಯಬೇಡ ಎಂದು ಇವರು ಅಂದರಂತೆ. ತುಳಿಯಲ್ಲ ಎಂದು ಅವಳು ಅಂದಳಂತೆ. ಅವಳು ಅಪ್ಪನ ಪಡಿಯಚ್ಚು, ಮೂಗಿನಲ್ಲೂ ಕೋಪದಲ್ಲೂ. ನಾನು ಕೈಯ ಒದ್ದೆ ಒರೆಸಿಕೊಳ್ಳುತ್ತ ಒಳಗೆ ಬಂದರೆ ಇವರು ಬಾಗಿಲ ಮುಂದೆ ಮಂಡಿಯೂರಿ ಕುಳಿತು ಮನೆಯ ಬೀಗವನ್ನೇ ಬಿಚ್ಚಿ ಬೇರೆಯದನ್ನು ಹಾಕುತ್ತಿದ್ದರು.

"ಏನ್ರೀ ಮಾಡ್ತಿದೀರಿ?"

"ಕಾಣಲ್ವಾ? ಬೀಗ ಹಾಕ್ತಿದೀನಿ."

ಬೇರೆಯವರಾದರೆ ಕೋಪ ಬಂದಾಗ ಕೂಗಾಡುತ್ತಾರೆ, ತಟ್ಟೆ ಎಸೆಯುತ್ತಾರೆ. ಬೀಗದವನಿಗೆ ಕೋಪ ಬಂದರೆ ಬೀಗ ಬದಲಾಯಿಸುತ್ತಾನೆ, ಅವನಿಗೆ ಬರುವುದು ಅದೊಂದೇ. ಮಗಳು ಎರಡು ದಿನ ಬಿಟ್ಟು ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದಳಂತೆ. ಪಕ್ಕದ ಮನೆಯವರು ಹೇಳಿದರು. ಬಾಗಿಲಿಗೆ ತನ್ನ ಕೀ ಹಾಕಿ ತಿರುಗಿಸಿದಳಂತೆ, ತಿರುಗಲಿಲ್ಲವಂತೆ, ಸ್ವಲ್ಪ ಹೊತ್ತು ಬಾಗಿಲಿಗೆ ಹಣೆ ಒತ್ತಿ ನಿಂತಿದ್ದು ಹೊರಟುಹೋದಳಂತೆ. ಆಮೇಲೆ ಫೋನು ಎತ್ತಲಿಲ್ಲ. ಹೋಟೆಲಿಗೆ ಹೋಗಿ ವಿಚಾರಿಸಿದೆ, ಅಲ್ಲಿ ಕೆಲಸ ಬಿಟ್ಟಾಗಿತ್ತು. ಎಲ್ಲಿದ್ದಾಳೆ, ಏನು ತಿನ್ನುತ್ತಾಳೆ, ಒಂದೂ ಗೊತ್ತಿಲ್ಲ. ಮನೆಯಲ್ಲಿ ಅವಳ ಹೆಸರೆತ್ತಿದರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಸಭಾಂಗಣಕ್ಕೆ ಹೋದವಳು ಪಿಯಾನೊದ ಮುಂದೆ ಹಾಗೇ ನಿಂತುಬಿಟ್ಟೆ. ಅದರ ಸ್ಟೂಲನ್ನು ಯಾರೋ ತಿರುಗಿಸಿ ಎತ್ತರ ಮಾಡಿದ್ದರು. ನಮ್ಮ ಮಗಳು ಉದ್ದ ಕಾಲಿನವಳು. ಟೀ ಮಾಡುವ ಮೂಲೆಗೆ ಹೋದೆ. ಒಂದು ಕಪ್ಪು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿತ್ತು, ಹಿಡಿ ಎಡಗಡೆಗೆ. ಅವಳು ಎಡಚಿ. ಎಷ್ಟು ಸಲ ಬೈದಿದ್ದೇನೆ ಅದಕ್ಕೆ, ಕಪಾಟಿನಲ್ಲಿ ಒಂದು ಕಪ್ಪು ಮಾತ್ರ ಮುಖ ತಿರುಗಿಸಿಕೊಂಡು ಕೂತಿರುತ್ತೆ ಎಂದು. ಆ ಕಪ್ಪನ್ನು ಎದೆಗೆ ಹಿಡಿದುಕೊಂಡು ನೆಲದ ಮೇಲೆ ಕುಳಿತೆ. ಹೊಲಿಗೆಯವರು ಬಂದು, ಬಿದ್ದಿರಾ ಅಮ್ಮ ಎಂದು ಎಬ್ಬಿಸಿದರು.

ಮಧ್ಯಾಹ್ನ ಸಭಾಂಗಣ ಖಾಲಿ. ಆಗ ಬರುತ್ತಿದ್ದಳು, ವಾರಕ್ಕೊಂದು ಸಲ, ಕೆಲವೊಮ್ಮೆ ಅದೂ ಇಲ್ಲ. ಒಮ್ಮೆ ನಾನು ಸಾಮಾನಿನ ಕೋಣೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಬೀಗ ತಿರುಗಿದ ಸದ್ದು ಕೇಳಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದು, ಬೀಗ ಮತ್ತೆ ಹಾಕಿದ ಸದ್ದು. ಓಡಿಬಂದು ನೋಡಿದರೆ ಬಾಗಿಲ ಪಕ್ಕ ನನ್ನ ಕೊಡೆ ಒರಗಿಸಿತ್ತು. ಅಷ್ಟು ಬುದ್ಧಿವಂತಿಕೆ ನನ್ನದು. ಬೀದಿಗೆ ಬರುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ಅದಾದ ಮೇಲೆ ಬಹಳ ದಿನ ಬರಲೇ ಇಲ್ಲ. ಚೀಟಿ ಬರೆದಿಟ್ಟೆ, ಮಡಿಕೆಯನ್ನೂ ಬಿಚ್ಚದೆ ಅಲ್ಲೇ ಬಿಟ್ಟಿದ್ದಳು. ಸರಿ, ನಿನ್ನ ದಾರಿಗೆ ಬರಲ್ಲ ತಾಯಿ, ಬಂದುಹೋಗು ಸಾಕು ಎಂದುಕೊಂಡೆ. ಮಧ್ಯಾಹ್ನ ಆ ಬೀದಿಯಲ್ಲೇ ಕಾಲಿಡುವುದನ್ನು ಬಿಟ್ಟೆ.

ಬದಲಿಗೆ ಸಾಮಾನು ಇಟ್ಟು ಬರುತ್ತಿದ್ದೆ. ಬಿಸ್ಕತ್ತಿನ ಪೊಟ್ಟಣ, ತಲೆನೋವಿನ ಮಾತ್ರೆ. ಚಳಿಗಾಲಕ್ಕೆ ಹಸಿರು ಉಲ್ಲನ್ನಿನಲ್ಲಿ ಸ್ವೆಟರು ಹೆಣೆದು ಪಿಯಾನೊದ ಮೇಲೆ ಇಟ್ಟೆ. ಒಂದು ವಾರ ಅಲ್ಲೇ ಇತ್ತು, ಎರಡನೆಯ ವಾರವೂ ಇತ್ತು. ಮೂರನೆಯ ವಾರ ಇರಲಿಲ್ಲ. ಅವತ್ತು ಇವರಿಗೆ ಎರಡು ಸಲ ಟೀ ಮಾಡಿಕೊಟ್ಟೆ. "ಏನು, ಇವತ್ತು ಭಾರಿ ಖುಷೀಲಿದೀಯ?" ಎಂದರು. ಏನಿಲ್ಲ, ಹಾಲು ಉಳಿದಿತ್ತು ಎಂದೆ.

ಇವರಿಗೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಮಗಳ ಮುಖದ ಮೇಲೆ ಬೀಗ ಬದಲಾಯಿಸಿದ ಮನುಷ್ಯ. ಹೇಳಿದರೆ ಆ ಬಾಗಿಲಿಗೂ ಎದ್ದು ಹೋದಾರು ಎಂಬ ಹೆದರಿಕೆ. ಚರ್ಚಿನವರಿಗೆ ಹೇಳುವುದು ಇನ್ನೂ ಅಪಾಯ. ಅವರೆಲ್ಲ ಒಳ್ಳೆಯವರು. ಕೆಟ್ಟವರಾದರೆ ಸುಮ್ಮನಿರುತ್ತಿದ್ದರು. ಒಳ್ಳೆಯವರು ಸುಮ್ಮನಿರುತ್ತಾರೆಯೇ? ಅವಳಿಗಾಗಿ ಪ್ರಾರ್ಥನೆ ಇಡುತ್ತಾರೆ, ಮಧ್ಯಾಹ್ನ ಯಾರಾದರೊಬ್ಬರು ಬಾಗಿಲಲ್ಲಿ ನಗುತ್ತ ನಿಂತಿರುತ್ತಾರೆ, ಕೇಕು ಮಾಡಿ ತರುತ್ತಾರೆ. ಕೊಡೆ ಕಂಡು ಓಡಿದವಳು ಕೇಕು ಕಂಡರೆ ಊರೇ ಬಿಡುತ್ತಾಳೆ.

ಅಷ್ಟರಲ್ಲಿ ಸಭಾಂಗಣದ ಧ್ವನಿವರ್ಧಕ ಕಳವಾಯಿತು. ಬಾಗಿಲು ಮುರಿದಿರಲಿಲ್ಲ, ಕೀ ಇದ್ದವರು ಯಾರೋ ಒಯ್ದಿದ್ದರು. ಪಾದ್ರಿ, "ಪಾಪ, ಏನು ಕಷ್ಟವೋ ಏನೋ" ಎಂದು ಸುಮ್ಮನಾದರು. ವಿಮೆ ಕಂಪನಿಯವರು ಸುಮ್ಮನಾಗಲಿಲ್ಲ. ಲೆಕ್ಕವಿಲ್ಲದ ಕೀಗಳು ಊರೆಲ್ಲ ಓಡಾಡುತ್ತಿದ್ದರೆ ಈ ಕಟ್ಟಡಕ್ಕೆ ವಿಮೆ ಇಲ್ಲ, ವಿಮೆ ಇಲ್ಲದೆ ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವಂತಿಲ್ಲ ಎಂದರು.

ಸಭೆ ಸೇರಿತು. ಕಟ್ಟಡದ ಉಸ್ತುವಾರಿ ಹೆಡ್ ಮೇಡಮ್ಮಿನದು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರು ಮಾತಾಡಿದರೆ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇವೆ. ಎಲ್ಲ ಬಾಗಿಲಿಗೂ ಹೊಸ ಬೀಗ, ಒಂದೊಂದು ಗುಂಪಿಗೆ ಒಂದೇ ಕೀ ಎಂದರು. ನಾನು ಕೈ ಎತ್ತಿದೆ. ಆ ಸಭೆಗಳಲ್ಲಿ ನಾನು ಟೀ ಬೇಕೇ ಎಂದು ಬಿಟ್ಟು ಬೇರೇನೂ ಕೇಳಿದವಳಲ್ಲ.

"ಪಕ್ಕದ ಬಾಗಿಲೊಂದು ಹಾಗೇ ಇರಲಿ ಮೇಡಂ."

"ಯಾಕಮ್ಮ?"

"ಹಳೇ ಬೀಗ... ಚೆನ್ನಾಗಿದೆ."

ಎಲ್ಲರೂ ನಕ್ಕರು. ಗಂಡ ಹಾಕಿದ ಬೀಗದ ಮೇಲೆ ಅಭಿಮಾನ ಎಂದುಕೊಂಡರು. ಹೆಡ್ ಮೇಡಂ ನಗಲಿಲ್ಲ. ಎದ್ದು ಬಂದು ನನ್ನ ಪಕ್ಕ ಕುಳಿತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿದರು. "ನೋಡಮ್ಮ, ಒಂದು ಬಾಗಿಲು ಬಿಟ್ರೆ ಎಲ್ಲಾ ಬಿಟ್ಟ ಹಾಗೆ. ನಾಳೆ ಆ ತಾಯಂದಿರು ಕೂಸು ಎತ್ಕೊಂಡು ಎಲ್ಲಿಗೆ ಹೋಗಬೇಕು? ಆ ಕುಡಿತ ಬಿಟ್ಟೋರು ಎಲ್ಲಿ ಕೂತ್ಕೋಬೇಕು?" ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಜಗಳವಾಡೋಣ ಎಂದರೆ ಎದುರಿಗೆ ಒಬ್ಬ ಕೆಟ್ಟ ಮನುಷ್ಯನಾದರೂ ಬೇಡವೇ? ಹೊಸ ಬೀಗ ಹಾಕುವ ಕೆಲಸ ಯಾರಿಗೆ ಎಂದರೆ, ಇನ್ಯಾರಿಗೆ, ನಮ್ಮ ಬೀಗದಣ್ಣನಿಗೆ.

ನನಗೆ ದಿಕ್ಕೇ ತೋಚಲಿಲ್ಲ. ಆ ಬೀಗ ಬದಲಾದರೆ ಅವಳು ಏನೆಂದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಆದದ್ದೇ ಇಲ್ಲೂ ಆಯಿತು, ಅಪ್ಪ ಇಲ್ಲಿಗೂ ಬಂದು ಬಾಗಿಲು ಹಾಕಿದ ಎಂದುಕೊಳ್ಳುತ್ತಾಳೆ. ಅಲ್ಲಿಗೆ ಮಗಳು ನನ್ನ ಪಾಲಿಗೆ ಇಲ್ಲ. ಕೊನೆಗೆ ಪಾದ್ರಿಯ ಬಳಿ ಹೋಗಿ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, ಎಲ್ಲ ಹೇಳಿದೆ. ಅವರು ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಾರೆ. ಕೇಳುತ್ತ ಕೇಳುತ್ತ ಅವರ ಕಣ್ಣು ತುಂಬಿತು.

"ಅಕ್ಕಾ, ಬೀಗ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಅಷ್ಟೂ ಜನರನ್ನ ಬೀದಿಗೆ ಹಾಕಿದ ಹಾಗಾಗುತ್ತೆ."

"ಗೊತ್ತು ಪಾದ್ರಿಗಳೇ. ನಿಮ್ಮನ್ನ ದೂರ್ತಾ ಇಲ್ಲ."

ಅವರು ಮೇಜಿನ ಖಾನೆ ಎಳೆದು, ಅಂಗಡಿಯಿಂದ ಬಂದಿದ್ದ ಹೊಸ ಬೀಗಗಳ ಪೊಟ್ಟಣ ಬಿಚ್ಚಿದರು. ಪಕ್ಕದ ಬಾಗಿಲಿನ ಕೀಗಳ ಗೊಂಚಲಿನಿಂದ ಒಂದನ್ನು ಬಿಡಿಸಿ ನನ್ನ ಕೈಗಿಟ್ಟರು. "ಇದು ನನ್ನ ಪಾಲಿಂದು. ಬೀಗ ಹಾಕೋಕೆ ಇನ್ನೂ ವಾರ ಇದೆ. ಅಷ್ಟರಲ್ಲಿ ಅವಳ ಕೈಗೆ ಸೇರೋ ಹಾಗೆ ನೋಡಿ."

"ನಿಮಗೆ?"

"ನಾನು ತಟ್ತೀನಿ. ಪಾದ್ರಿಗೆ ಯಾರಾದ್ರೂ ಬಾಗಿಲು ತೆಗೀತಾರೆ."

ಸ್ವೆಟರು ಹೆಣೆದು ಉಳಿದ ಹಸಿರು ಉಲ್ಲನ್ನಿನ ತುಂಡನ್ನು ಆ ಕೀಗೆ ಕಟ್ಟಿದೆ. ಚೀಟಿ ಇಡಲಿಲ್ಲ. ಆ ಹಸಿರು ಕಂಡರೆ ಅವಳಿಗೆ ಗೊತ್ತಾಗುತ್ತದೆ. ಅವಳು ಕುಡಿಯುವ ಕಪ್ಪಿನ ಅಡಿಯಲ್ಲಿ ಇಟ್ಟು ಬೋರಲು ಹಾಕಿ ಬಂದೆ. ಆ ವಾರವೆಲ್ಲ ಪ್ರತಿ ಸಂಜೆ ಹೋಗಿ ಕಪ್ಪು ಎತ್ತುವುದು, ಕೀ ಅಲ್ಲೇ ಇರುವುದು, ಮತ್ತೆ ಮುಚ್ಚುವುದು.

ವಾರ ಮುಗಿಯುವ ಹಿಂದಿನ ದಿನ ಕಪ್ಪು ಎತ್ತಿದರೆ ಕೆಳಗೆ ಏನೂ ಇರಲಿಲ್ಲ. ನೆಲದ ಮೇಲೆ ಹಸಿರು ಉಲ್ಲನ್ ತುಂಡು ಬಿದ್ದಿತ್ತು, ಗಂಟು ಬಿಚ್ಚಿ. ತೆಗೆದುಕೊಂಡಿದ್ದಾಳೆ. ನನ್ನ ಬಂಗಾರ, ತೆಗೆದುಕೊಂಡಿದ್ದಾಳೆ. ಖಾಲಿ ಸಭಾಂಗಣದಲ್ಲಿ ಕುರ್ಚಿಗಳ ಮಧ್ಯೆ ಹುಚ್ಚಿಯ ಹಾಗೆ ನಕ್ಕೆ. ಮರುದಿನ ಇವರು ಪಕ್ಕದ ಬಾಗಿಲಿಗೆ ಹೊಸ ಬೀಗ ಕೂರಿಸುವಾಗ ನಾನೇ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದೆ. ಎಷ್ಟು ಚೆನ್ನಾಗಿ ಕೂತಿದೆ ರೀ ಎಂದು ಹೊಗಳಿದೆ. ಇವರು ಅನುಮಾನದಿಂದ ನನ್ನ ಮುಖ ನೋಡಿದರು.

ಹೆಡ್ ಮೇಡಂ ಸಭೆಯಲ್ಲಿ ಹೊಸ ಕೀ ಹಂಚಿದರು. ಗುಂಪಿಗೊಂದು, ಸಹಿ ಹಾಕಿಸಿಕೊಂಡು. ಕೊನೆಗೆ ಪಾದ್ರಿಗೂ ಒಂದು ಸಿಕ್ಕಿತು. ಅವರು ನನ್ನ ಕಡೆ ನೋಡಿ, ಅಂಗಡಿಯವನು ಒಂದು ಹೆಚ್ಚಿಗೆ ಹಾಕಿದ್ದಾನೆ, ಎಲ್ಲ ದೇವರ ಆಟ ಎನ್ನುವಂತೆ ಕಣ್ಣಲ್ಲೇ ನಕ್ಕರು. ನಾನೂ ನಕ್ಕೆ.

ಮುಂದಿನ ವಾರ ಒಂದು ಸಂಜೆ ಪಕ್ಕದ ಬಾಗಿಲು ತೆರೆದಾಗ ಕಾಲ ಕೆಳಗೆ ಏನೋ ಕಿಣ್ ಎಂದಿತು. ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಯ ನೇರಕ್ಕೆ, ಕಾಲೊರಸಿನ ಪಕ್ಕ ನೆಲದ ಮೇಲೆ, ಹಳೆಯ ಬೀಗದ ಕೈ ಬಿದ್ದಿತ್ತು. ಬಗ್ಗಿ ಎತ್ತಿಕೊಂಡೆ. ನೋಡಬೇಕಾದ ಅಗತ್ಯವೇ ಇರಲಿಲ್ಲ, ಹೆಬ್ಬೆರಳಿಗೆ ಕಚ್ಚು ಸಿಕ್ಕಿತು.

ಹೊಸದು ಕೈಯಲ್ಲಿ ಇದ್ದ ಮೇಲೆ ಹಳೆಯದು ಯಾಕೆಂದು ವಾಪಸು ಹಾಕಿದ್ದಾಳೆ, ಅಷ್ಟೇ, ಶಿಸ್ತಿನ ಹುಡುಗಿ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಸ್ಟೂಲು ನಾನು ಬಿಟ್ಟ ಎತ್ತರದಲ್ಲೇ ಇತ್ತು. ಪಿಯಾನೊದ ಮೇಲೆ ಧೂಳು. ಅವಳು ಒಳಗೆ ಬಂದೇ ಇರಲಿಲ್ಲ.

ಕೀ ಹಿಡಿದುಕೊಂಡು ಅಲ್ಲೇ ನಿಂತಿರುವಾಗ ಇವರು ಎಣ್ಣೆ ಡಬ್ಬಿ ಹಿಡಿದು ಬಂದರು. ಹೊಸ ಬೀಗಕ್ಕೆ ವಾರಕ್ಕೆ ಒಮ್ಮೆ ಎಣ್ಣೆ ಬಿಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

"ಏನದು ಕೈಲಿ? ಹಳೇ ಕೀನಾ? ಕೊಡು ಇಲ್ಲಿ."

ಕೊಟ್ಟೆ. ಬೆಳಕಿಗೆ ಹಿಡಿದರು. ಅವರ ಬೆರಳು ಕಚ್ಚಿನ ಮೇಲೆ ಹೋಗಿ ನಿಂತಿತು.

"ಎಲ್ಲಿ ಸಿಕ್ತು ಇದು?"

ಆಗ ನನ್ನ ಮಾತಿನ ಕಟ್ಟೆ ಒಡೆಯಿತು. ಸ್ಟೂಲು, ಕಪ್ಪು, ಕೊಡೆ, ಸ್ವೆಟರು, ಎಲ್ಲ ಹೇಳಿದೆ. "ಹೊಸ ಕೀ ಕೂಡ ಇಟ್ಟಿದ್ದೆ ರೀ, ಕಪ್ಪಿನ ಕೆಳಗೆ. ಅವಳು ತಗೊಂಡಿದ್ಳು. ಆದ್ರೂ ಯಾಕೆ ಹೀಗೆ ಮಾಡಿದ್ಳು?"

ಇವರು ಎಣ್ಣೆ ಡಬ್ಬಿಯನ್ನು ಕಿಟಕಿಯ ಮೇಲೆ ಇಟ್ಟರು. ಬೀಳದ ಹಾಗೆ ಒಳಕ್ಕೆ ಸರಿಸಿದರು. ಆಮೇಲೆ ಕೇಳಿದರು.

"ಹಸಿರು ದಾರ ಕಟ್ಟಿತ್ತಾ?"

ನಾನೇ ಕಟ್ಟಿದ್ದು ಎಂದೆ.

"ಅಳತೆ ತಗೊಳೋಕೆ ಬಂದಿದ್ದೆ, ಹಾಕೋ ಹಿಂದಿನ ದಿನ," ಎಂದರು. "ಬಾಯಾರಿತ್ತು. ನೀರು ಕುಡಿಯೋಣ ಅಂತ ಕಪ್ಪು ಎತ್ತಿದೆ. ಹೊಸಾ ಕೀ, ಇನ್ನೂ ಬೀಗಾನೇ ಹಾಕಿಲ್ಲ, ಆಗ್ಲೇ ಯಾರೋ ಬೇಜವಾಬ್ದಾರಿ ಕಪ್ಪಿನ ಕೆಳಗೆ ಬಿಸಾಕಿದಾರೆ ಅಂದ್ಕೊಂಡೆ. ದಾರ ಬಿಚ್ಚಿ ಹೊಸ ಬೀಗದ ಪೊಟ್ಟಣಕ್ಕೆ ವಾಪಸ್ ಹಾಕಿದೆ."

ಕಪ್ಪಿನ ಹಿಡಿ ಅವತ್ತು ಬಲಗಡೆಗೆ ಇತ್ತು. ಈಗ ನೆನಪಾಯಿತು. ಖುಷಿಯಲ್ಲಿ ಕಣ್ಣಿಗೆ ಬಿದ್ದೂ ಕಂಡಿರಲಿಲ್ಲ.

ಅವರನ್ನು ಬೈಯಬೇಕು ಎಂದು ಬಾಯಿ ತೆರೆದೆ. ಏನೆಂದು ಬೈಯಲಿ? ಜೀವಮಾನವಿಡೀ ಮಾಡಿದ್ದನ್ನೇ ಅವತ್ತೂ ಮಾಡಿದ್ದರು, ನೆಟ್ಟಗೆ ಮಾಡಿದ್ದರು. ಅವರು ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕುಸಿದು ಕುಳಿತು, ಆ ಕೀಯನ್ನು ಅಂಗೈಯಲ್ಲಿ ತಿರುಗಿಸುತ್ತ, "ನಾನು ಮನೇ ಬೀಗಾನ ಮತ್ತೆ ಹಳೇದೇ ಹಾಕಿದೀನಿ ಕಣೇ, ನಿನಗೆ ಗೊತ್ತಿಲ್ಲ" ಎಂದರು. "ಅವಳು ಹೋಗಿ ಒಂದು ತಿಂಗಳಿಗೇ. ಹೊರಗಿನ ಮುಖ ಹೊಸದು, ಒಳಗಿನ ಯಂತ್ರ ಹಳೇದು. ನಿನಗೆ ಕೊಟ್ಟ ಕೀನೂ ಅವತ್ತೇ ಬದಲಾಯಿಸಿಟ್ಟೆ. ಒಂದು ದಿನ ಬಂದು ಹಾಕಿ ನೋಡ್ಲಿ, ತಿರುಗುತ್ತೆ ಅಂತ."

"ಹೇಳೋಕೆ ಏನಾಗಿತ್ತು ನಿಮಗೆ?"

"ನಿನಗೆ ಏನಾಗಿತ್ತು?"

ಇಬ್ಬರೂ ಅತ್ತೆವು. ಕುಡಿತ ಬಿಟ್ಟವರು ಬಾಗಿಲ ಬಳಿ ಬಂದು, ನಮ್ಮನ್ನು ಕಂಡು, ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಅಳು ಮುಗಿಯುವವರೆಗೆ ಕಾಯುವುದು ಅವರಿಗೆ ಅಭ್ಯಾಸ.

ಆಮೇಲೆ ಇವರನ್ನು ಹಿಡಿಯುವವರೇ ಇರಲಿಲ್ಲ. ಹೆಡ್ ಮೇಡಮ್ಮಿನ ಮನೆಗೆ ತಾವೇ ಹೋದರು. ಎಂದೂ ಯಾರೆದುರೂ ತಲೆ ತಗ್ಗಿಸದವರು ಟೋಪಿ ಕೈಯಲ್ಲಿ ಹಿಡಿದು ನಿಂತು ಎಲ್ಲ ಹೇಳಿದರು. ಪಕ್ಕದ ಬಾಗಿಲು ತೆರೆಯುವುದು ಟೀ ಮಾಡುವ ಮೂಲೆಗೆ. ಆ ಮೂಲೆಗೂ ಸಭಾಂಗಣಕ್ಕೂ ನಡುವೆ ಗೋಡೆ ಕಟ್ಟಿ ಒಂದು ಬಾಗಿಲಿಟ್ಟು, ಹೊಸ ಬೀಗವನ್ನು ಅದಕ್ಕೆ ಹಾಕಿದರೆ, ಹೊರಗಿನ ಬಾಗಿಲಿಗೆ ಹಳೆಯ ಬೀಗವೇ ಇರಬಹುದು. ಮೂಲೆಯಲ್ಲಿ ಕದಿಯಲು ಕಪ್ಪು ಬಿಟ್ಟು ಏನಿದೆ? ವಿಮೆಯವನು ಬಂದು ನೋಡಿ ತಲೆಯಾಡಿಸಿದ. ಬಡಗಿ ಬಂದ. ಪಿಯಾನೊವನ್ನು ಆ ಸಣ್ಣ ಕೋಣೆಗೆ ತಳ್ಳಿದವರು ಯಾರ್ಯಾರು ಎಂದರೆ, ಪಾದ್ರಿ, ಕುಡಿತ ಬಿಟ್ಟವರು, ಪೇಪರು ಓದುವವರು, ಸೊಂಟ ನೋವಿನ ಹೆಡ್ ಮೇಡಂ ಕೂಡ. ಮಧ್ಯಾಹ್ನ ಆ ಕಡೆ ಯಾರೂ ಸುಳಿಯಬಾರದು ಎಂದು ಹೆಡ್ ಮೇಡಂ ಆಜ್ಞೆ ಮಾಡಿದರು. ಯಾರೂ ಕೇಕು ತರಲಿಲ್ಲ. ಈ ಜನರನ್ನು ನಾನು ಎಷ್ಟು ತಪ್ಪು ತಿಳಿದಿದ್ದೆ ಎಂದು ನಾಚಿಕೆಯಾಯಿತು.

ಕೊನೆಯ ಸ್ಕ್ರೂ ಬಿಗಿಮಾಡಿ ಇವರು ಹಳೆಯ ಬೀಗಕ್ಕೆ ಆ ಕಚ್ಚಿನ ಕೀಯನ್ನು ಹಾಕಿದರು. ಬೆಣ್ಣೆಯಂತೆ ತಿರುಗಿತು. ಮುಖ ಅರಳಿ ನನ್ನ ಕಡೆ ತಿರುಗಿದವರು ಹಾಗೆಯೇ ನಿಂತರು. ಕೈಯಲ್ಲಿದ್ದ ಕೀಯನ್ನು ನೋಡಿದರು. ಬಾಗಿಲು ಸಿದ್ಧ, ಬೀಗ ಸಿದ್ಧ, ಪಿಯಾನೊ ಸಿದ್ಧ. ಕೀ ನಮ್ಮ ಹತ್ತಿರ ಇತ್ತು.

"ಅವಳು ಹೇಗೆ ಬರ್ತಾಳೆ?" ಎಂದರು, ನನ್ನನ್ನಲ್ಲ.

ಬಾಗಿಲು ತೆರೆದೇ ಇಡುವಂತಿಲ್ಲ, ಅದೊಂದು ಮಾತಿಗೆ ವಿಮೆಯವನು ಒಪ್ಪಿರಲಿಲ್ಲ. ಕೀ ಎಲ್ಲಿದೆ ಎಂದು ಬರೆದು ಅಂಟಿಸೋಣ ಎಂದರೆ ಓದಿದವರೆಲ್ಲ ಒಳಗೆ. ಅವಳ ವಿಳಾಸವಿಲ್ಲ. ಬೀಗ ಬದಲಾದ ಬಾಗಿಲಿಗೆ ಅವಳು ಮತ್ತೆ ಬರುತ್ತಾಳೆ ಎಂಬ ನಂಬಿಕೆಯೂ ಇಲ್ಲ. ಬಂದರೂ ದೂರದಿಂದ ಒಂದು ಸಲ ನೋಡಿಹೋಗಬಹುದು, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋದರೆ ಪಕ್ಕದ ಬಾಗಿಲ ಮೆಟ್ಟಿಲ ಮೇಲೆ ಒಂದು ಹೂಕುಂಡ ಇತ್ತು. ಮಣ್ಣು ತುಂಬಿತ್ತು, ಗಿಡ ಇರಲಿಲ್ಲ. ಸುತ್ತ ನೋಡಿ, ಓರೆ ಮಾಡಿದೆ. ಕಚ್ಚಿನ ಕೀ ಇತ್ತು, ಕಚ್ಚು ಹೊರಗಡೆಗೆ. ಪಾದ್ರಿ ಪಕ್ಕದಲ್ಲೇ ಹಾದುಹೋದರು. ಕುಂಡ ಅವರಿಗೆ ಕಾಣಲಿಲ್ಲ, ಕಂಡಿದ್ದರೂ ಕಾಣಲಿಲ್ಲ.

ಸಂಜೆ ಊಟಕ್ಕೆ ಕುಳಿತಾಗ ಇವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರೇ ಹೇಳಿದರು, ತಟ್ಟೆ ನೋಡುತ್ತ.

"ಅವಳು ಅಲ್ಲಿ ನೋಡಲ್ಲ ಕಣೇ. ಬೇರೆ ಯಾರಾದ್ರೂ ನೋಡ್ತಾರೆ. ಅವಳು ಮಾತ್ರ ನೋಡಲ್ಲ. ನಾನೇ ಹೇಳಿಕೊಟ್ಟಿದ್ದು."

ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಈಗ ದಿನಾ ಹೋದಕೂಡಲೇ ಕುಂಡ ಓರೆ ಮಾಡುತ್ತೇನೆ. ಕೀ ಅಲ್ಲೇ ಇರುತ್ತದೆ. ಮೆಟ್ಟಿಲ ಮೇಲೆ ಅದರ ಆಕಾರದಲ್ಲೇ ತುಕ್ಕಿನ ಕಲೆ ಬಿದ್ದಿದೆ. ಸೋಪು ಹಾಕಿ ಉಜ್ಜುತ್ತೇನೆ, ಮತ್ತೆ ಬೀಳುತ್ತದೆ. ಮನೆಗೆ ಬಂದರೆ ಇವರು ಬೀಗವೊಂದನ್ನು ಬಿಚ್ಚಿ ಮುಂದೆ ಹರಡಿಕೊಂಡು, ತಲೆ ಎತ್ತದೆ ಕೇಳುತ್ತಾರೆ.

"ಕುಂಡಕ್ಕೆ ನೀರು ಹಾಕಿದ್ಯಾ?"

"ಹಾಕಿದೆ."

"ಏನಾದ್ರೂ?"

"ಇಲ್ಲ, ಇನ್ನೂ ಇಲ್ಲ" ಎಂದು ಹೇಳಿ ಟೀಗೆ ಇಡುತ್ತೇನೆ.